ಹಗೆಯವನ ಕುದುರೆ ಏರಿ

ಹಗೆಯವನಲ್ಲಿರುವ ಒಳ್ಳೆಯದನ್ನು ಒಳ್ಳೆಯದೆಂದು ಒಪ್ಪಿಕೊಳ್ಳುವುದು ಧರ್ಮವೋ, ಬರೀ ಜಾಣತನವೋ? ಯುದ್ಧದಲ್ಲಿ ಕೈಗೆ ಸಿಕ್ಕ ಶತ್ರುವಿಮಾನಗಳನ್ನು ಹಾರಿಸಿ ನೋಡಿದವರ ವಿಷಯ ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

1965ರ ಸೆಪ್ಟೆಂಬರ್ 3ರಂದು ನಮ್ಮ ವಾಯುಪಡೆಯ ನ್ಯಾಟ್ ವಿಮಾನವೊಂದು ಪಾಕಿಸ್ತಾನದ ಪಸ್ರೂರಿನಲ್ಲಿ ಇಳಿಯಿತು. ಅದನ್ನು ನಡೆಸುತ್ತಿದ್ದ ಸ್ಕ್ವಾಡ್ರನ್ ಲೀಡರ್ ಸಿಕಂದ್ ಸೆರೆಯಾದರು. ನ್ಯಾಟ್ ನಮ್ಮ ಕಡೆಯವರಿಗೆ ದೂರದ ಹೆಸರೇನಲ್ಲ. ಇಂಗ್ಲೆಂಡಿನಲ್ಲಿ ರೂಪುಗೊಂಡ ಆ ಪುಟ್ಟ ವಿಮಾನವನ್ನು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲೂ ತಯಾರಿಸುತ್ತಿದ್ದರು. ಕೈಲಾಂಚದವರು ರಾಮನಗರಕ್ಕೆ ಬಂದು ರೈಲು ಹತ್ತಿದರೆ ಇಳಿಯುವುದು ಅದೇ ಬೆಂಗಳೂರಿನಲ್ಲಿ. ಪಸ್ರೂರಿನಲ್ಲಿ ಅದು ಇಳಿದದ್ದೇಕೆ ಎನ್ನುವುದಕ್ಕೆ ಎರಡು ದೇಶಗಳಲ್ಲಿ ಎರಡು ಕಥೆಗಳಿವೆ. ಶರಣಾಯಿತೆಂದು ಅವರು, ಕೆಟ್ಟು ದಾರಿ ತಪ್ಪಿತೆಂದು ಇವರು. ಆದರೆ ಪಾಕಿಸ್ತಾನದ ಪೈಲಟ್ ಅದನ್ನೇರಿ ಹಾರಿದಾಗ ಕಥೆಗಳಿಗೆ ಅಲ್ಲಿ ಜಾಗವಿರಲಿಲ್ಲ. ತಿರುಗಿಸಿದರೆ ತಿರುಗಬೇಕು, ಏರಿಸಿದರೆ ಏರಬೇಕು. ಯಂತ್ರ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಆ ನ್ಯಾಟ್ ಈಗ ಕರಾಚಿಯ ವಾಯುಪಡೆ ಸಂಗ್ರಹಾಲಯದಲ್ಲಿದೆ.

ಇದಕ್ಕೂ ಹಿಂದಿನದು ಜಪಾನಿನ ಜೀರೋ ವಿಮಾನದ ಕಥೆ. ಯುದ್ಧಕ್ಕೆ ಮೊದಲು ಅಮೆರಿಕದವರಲ್ಲಿ ಅನೇಕರು ಜಪಾನೀಯರ ವಿಮಾನಗಳನ್ನು ಕೀಳಾಗಿ ಕಂಡರು. ಯುದ್ಧ ಶುರುವಾದ ಮೇಲೆ ಅದೇ ಜೀರೋ ಸೋಲರಿಯದ ಭೂತವೆಂದು ನಡುಗಿದರು. 1942ರ ಜೂನ್‌ನಲ್ಲಿ ಅಲಾಸ್ಕದ ಅಕುಟಾನ್ ದ್ವೀಪದ ಜೌಗಿನಲ್ಲಿ ಒಂದು ಜೀರೋ ಮಗುಚಿ ಬಿತ್ತು. ಅದರ ಪೈಲಟ್ ತದಯೋಶಿ ಕೊಗಾ ಅಲ್ಲೇ ತೀರಿಕೊಂಡ. ವಿಮಾನವನ್ನು ಸ್ಯಾನ್ ಡಿಯಾಗೋಗೆ ಸಾಗಿಸಿ, ರಿಪೇರಿ ಮಾಡಿ, ಸೆಪ್ಟೆಂಬರ್‌ನಲ್ಲಿ ಹಾರಿಸಿದರು. ನಿಧಾನದ ವೇಗದಲ್ಲಿ ಅದರ ಚುರುಕಿಗೆ ಸಾಟಿಯಿಲ್ಲ. ವೇಗ ಹೆಚ್ಚಿದರೆ ಹೊರಳುವುದಕ್ಕೆ ಹೆಣಗುತ್ತದೆ, ಅದರಲ್ಲೂ ಬಲಕ್ಕೆ. ಮೂತಿಯನ್ನು ಥಟ್ಟನೆ ಕೆಳಕ್ಕೆ ಬಾಗಿಸಿದರೆ ಎಂಜಿನ್ ತಡವರಿಸುತ್ತದೆ. ತಾತ್ಸಾರ, ಭಯ ಎರಡೂ ಒಟ್ಟಿಗೆ ಕಳಚಿದವು. ಎರಡೂ ಹುಟ್ಟಿದ್ದು ಹತ್ತಿ ನೋಡದವರ ಮನಸ್ಸಿನಲ್ಲಿ.

ನಮ್ಮ ರೈತ ಎತ್ತು ಕೊಳ್ಳುವಾಗ ಹಲ್ಲು ಹಿಡಿದು ನೋಡುತ್ತಾನೆ, ನೊಗ ಕಟ್ಟಿ ನಾಲ್ಕು ಸಾಲು ಉತ್ತು ನೋಡುತ್ತಾನೆ. ಮಾರುವವನ ಮೇಲಿನ ಸಿಟ್ಟನ್ನು ಎತ್ತಿನ ಮೇಲೆ ಹಾಕುವುದಿಲ್ಲ. ಅದೇ ರೈತ ಬದುವಿನ ಜಗಳಕ್ಕೆ ನಿಂತಾಗ ಪಕ್ಕದ ಹೊಲದವನ ರಾಗಿಯೂ ಜೊಳ್ಳು, ಮಾತೂ ಜೊಳ್ಳು. ಏಕೆಂದರೆ ಅಲ್ಲಿ ಸುಳ್ಳಿಗೆ ಖರ್ಚಿಲ್ಲ. ವಿಮಾನ ಪರೀಕ್ಷಿಸಿದವರಿಗೆ ಆ ಸೌಕರ್ಯ ಇರಲಿಲ್ಲ. ಶತ್ರುವಿನ ಗುಣ ಮುಚ್ಚಿಟ್ಟರೆ ಸಾಯುವವರು ತಮ್ಮ ಹುಡುಗರೇ.

ಹಾಗಾದರೆ ಇದು ಧರ್ಮವೇ? ಕೊಲ್ಲುವುದಕ್ಕಾಗಿ ತಿಳಿದ ಸತ್ಯವನ್ನು ಧರ್ಮವೆನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹಾಗೆಂದು ಅದನ್ನು ತಳ್ಳಿಹಾಕಲೂ ಆಗುವುದಿಲ್ಲ. ಸಾವಿನ ಭಯದಲ್ಲಿ ಸೈನಿಕರು ಪಾಲಿಸಿದಷ್ಟು ನ್ಯಾಯವನ್ನು ನಾವು ಶಾಂತಿಯ ಕಾಲದಲ್ಲೂ ನೆರೆಯವನಿಗೆ ಸಲ್ಲಿಸುವುದಿಲ್ಲವಲ್ಲ! ಆದರೂ ಅವರ ನ್ಯಾಯ ಯಂತ್ರದ ಬಳಿಯೇ ನಿಂತಿತು. ಕೊಗಾನ ವಿಮಾನ ಯಾವ ಕಡೆಗೆ ಹೊರಳಲು ಹಿಂಜರಿಯುತ್ತದೆಂದು ತಿಳಿಯಿತು. ಕೊಗಾ ಯಾರೆಂಬುದು ಆ ಕೆಲಸಕ್ಕೆ ಬೇಕಾಗಿರಲಿಲ್ಲ. ಹಗೆಯವನ ಆಸನದಲ್ಲಿ ಕೂತು ಅವನ ಬಲಾಬಲ ಅಳೆಯುವುದು ಅರ್ಧ ದಾರಿ. ಅಲ್ಲಿಂದ ನೋಡಿದರೆ ನಾವು ಹೇಗೆ ಕಾಣುತ್ತೇವೆ ಎಂದು ಕೇಳಿಕೊಳ್ಳುವುದು ಉಳಿದರ್ಧ. ಧರ್ಮ ಶುರುವಾಗುವುದು ಅಲ್ಲಿ ಎಂದು ನನಗನ್ನಿಸುತ್ತದೆ.