ಶಾಲೆಯೂ ಪ್ರಾರ್ಥನೆಯೂ

ಶಾಲೆಯಲ್ಲಿ ಧರ್ಮಬೋಧೆ ಇರಬೇಕೆ, ಪಾಠಕ್ಕೆ ಮೊದಲು ದೇವರ ಪ್ರಾರ್ಥನೆ ನಡೆಯಬೇಕೆ ಎಂಬ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ಶಾಲೆಗಳನ್ನು ತೆರೆದರು. ಅಲ್ಲಿ ಅಕ್ಷರದೊಡನೆ ಬೈಬಲ್ಲಿನ ಪಾಠವೂ ಇದ್ದಿತು. ಮಗನಿಗೆ ವಿದ್ಯೆ ಬೇಕು, ಆದರೆ ಅದರ ಬೆಲೆಯಾಗಿ ಪರಧರ್ಮದ ಪ್ರಾರ್ಥನೆ ಬೇಡವೆಂದು ಬಯಸುವ ತಂದೆಯ ಮನಸ್ಸನ್ನು ನಾವು ಸುಲಭವಾಗಿ ಅರಿಯಬಲ್ಲೆವು. ಮುಂದೆ 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿತು, ಮಠಗಳು ಪ್ರಸಾದನಿಲಯಗಳನ್ನೂ ಶಾಲೆಗಳನ್ನೂ ನಡೆಸಿದವು. ಇಂದು ಶಾಲೆಯ ಯಜಮಾನಿಕೆ ನಮ್ಮ ಕೈಯಲ್ಲಿಯೂ ಇದೆ. ಅನ್ಯಮತೀಯರ ಮಕ್ಕಳು ನಮ್ಮ ಬಾಗಿಲಿಗೆ ಬರುತ್ತಿದ್ದಾರೆ. ಆದುದರಿಂದ ಈ ಪ್ರಶ್ನೆಯನ್ನು ಈಗ ನಮಗೆ ನಾವೇ ಕೇಳಿಕೊಳ್ಳಬೇಕಾಗಿದೆ.

ಹುಬ್ಬಳ್ಳಿಯ ಕಮರಿಪೇಟೆಯನ್ನೂ ಅದರ ಸುತ್ತಣ ಓಣಿಗಳನ್ನೂ ನೋಡಿರಿ. ಒಂದು ಮನೆಯಲ್ಲಿ ಇಷ್ಟಲಿಂಗಪೂಜೆ, ಸಹಸ್ರಾರ್ಜುನ ಸಮಾಜದವರ ಮನೆಯಲ್ಲಿ ಭವಾನಿಯ ಆರತಿ, ಇನ್ನೊಂದು ಮನೆಯಲ್ಲಿ ನಮಾಜು. ಈ ಮನೆಗಳ ಮಕ್ಕಳು ಒಂದೇ ಹಲಗೆಯ ಮೇಲೆ ಕುಳಿತು ಕಲಿಯುವರು. ಬೆಳಿಗ್ಗೆ ಗಂಟೆ ಬಾರಿಸಿದಾಗ ಇವರೆಲ್ಲರೂ ಯಾರ ದೇವರಿಗೆ ಕೈಮುಗಿಯಬೇಕು?

ನಮ್ಮ ಸಂವಿಧಾನದ 28ನೆಯ ವಿಧಿ ಇದಕ್ಕೆ ಉತ್ತರ ಕೊಟ್ಟಿದೆ. ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಸಲ್ಲದು. ಸರಕಾರದ ಮನ್ನಣೆಯನ್ನಾಗಲಿ ಧನಸಹಾಯವನ್ನಾಗಲಿ ಪಡೆದ ಶಾಲೆಯಲ್ಲಿ ವಿದ್ಯಾರ್ಥಿಯನ್ನು, ಅವನ ಒಪ್ಪಿಗೆಯಿಲ್ಲದೆ, ಅವನು ಎಳೆಯನಾದರೆ ಪಾಲಕರ ಒಪ್ಪಿಗೆಯಿಲ್ಲದೆ, ಧರ್ಮಬೋಧೆಗಾಗಲಿ ಪೂಜೆಗಾಗಲಿ ಕೂಡಿಸಲಾಗದು. ಮಠದ ಶಾಲೆಗಳಲ್ಲಿ ಬಹಳಷ್ಟು ಈ ಎರಡನೆಯ ಮಾತಿಗೆ ಒಳಪಟ್ಟವು. ಆದರೆ ಕಾನೂನು ಹೇಳಿತೆಂದು ಒಪ್ಪುವುದು ಬೇರೆ, ಧರ್ಮವೇ ಹಾಗೆ ಹೇಳುವುದೆಂದು ಅರಿತು ನಡೆಯುವುದು ಬೇರೆ. ಶರಣಧರ್ಮವು ಏನು ಹೇಳುವುದು?

ಲಿಂಗಪೂಜೆಯನ್ನು ಇನ್ನೊಬ್ಬರಿಂದ ಮಾಡಿಸಲಾಗದು ಎಂಬುದು ಬಸವಣ್ಣನವರ ಬೋಧೆ. ಇಷ್ಟಲಿಂಗವು ಗುಡಿಯಲ್ಲಿಲ್ಲ, ಅಂಗೈಯಲ್ಲಿದೆ. ಭಕ್ತನಿಗೂ ಲಿಂಗಕ್ಕೂ ನಡುವೆ ಪೂಜಾರಿಗೇ ಸ್ಥಳವಿಲ್ಲವೆಂದ ಮೇಲೆ ಶಾಲಾಧಿಕಾರಿಗೆ ಎಲ್ಲಿಯ ಸ್ಥಳ? ಪಟ್ಟಿಯಲ್ಲಿ ಹಾಜರಿ ಹಾಕಿ, ಸಾಲಿನಲ್ಲಿ ನಿಲ್ಲಿಸಿ, ಬೆತ್ತದ ಭಯದಿಂದ ಹೇಳಿಸಿದ ಮಾತು ನಾಲಗೆಯ ವ್ಯಾಯಾಮವಾದೀತು, ಅದು ಪ್ರಾರ್ಥನೆಯಾಗದು.

"ನಮ್ಮಲ್ಲಿ ಹಸುಗೂಸಿಗೇ ಲಿಂಗಧಾರಣೆ ಮಾಡುವರಲ್ಲ, ಅಲ್ಲಿ ಮಗುವಿನ ಒಪ್ಪಿಗೆ ಎಲ್ಲಿ?" ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಅಲ್ಲಿ ಹೊಣೆ ಹೊರುವವರು ತಾಯಿತಂದೆಗಳು. ಮಗು ಬೆಳೆದು ಗುರುವಿನಿಂದ ದೀಕ್ಷೆ ಪಡೆದು, ಆ ಲಿಂಗದ ಅರಿವನ್ನು ತಾನೇ ಗಳಿಸಬೇಕು. ಗಳಿಸದಿದ್ದರೆ ಕೊರಳಲ್ಲಿ ಕಟ್ಟಿದ್ದು ಬರಿಯ ಭಾರ. ಮನೆಯ ಸಂಸ್ಕಾರವನ್ನು ಶಾಲೆಯ ಆಜ್ಞೆಯೊಡನೆ ಸರಿದೂಗಿಸಲಾಗದು.

ಎಲ್ಲರಿಗೂ ಸಮ್ಮತವಾದ ಸಾಮಾನ್ಯ ಪ್ರಾರ್ಥನೆಯೊಂದನ್ನು ರಚಿಸಿದರೆ ಸಾಲದೆ ಎಂಬ ಸಲಹೆಯೂ ಉಂಟು. ಅಮೆರಿಕೆಯ ನ್ಯೂಯಾರ್ಕ್ ಸಂಸ್ಥಾನದಲ್ಲಿ ಯಾವ ಪಂಥದ ಹೆಸರನ್ನೂ ಎತ್ತದ 22 ಪದಗಳ ಪ್ರಾರ್ಥನೆಯೊಂದನ್ನು ಶಾಲೆಗಳಿಗಾಗಿ ಸಿದ್ಧಪಡಿಸಿದ್ದರು. ಪ್ರಾರ್ಥನೆಯನ್ನು ರಚಿಸಿಕೊಡುವುದು ಸರಕಾರದ ಕೆಲಸವಲ್ಲವೆಂದು 1962ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ನಮ್ಮ ದೇಶದಲ್ಲಿಯೇ, ಕೇರಳದ ಶಾಲೆಯೊಂದರಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಂತರೂ, ತಮ್ಮ ಮತಶ್ರದ್ಧೆಯ ಕಾರಣ ಹಾಡಲಿಲ್ಲವೆಂದು 1985ರಲ್ಲಿ ಹೊರಹಾಕಲ್ಪಟ್ಟರು. ಮೌನವಾಗಿ ನಿಲ್ಲುವುದು ಅಗೌರವವಲ್ಲವೆಂದು 1986ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ರಾಷ್ಟ್ರಗೀತೆಯ ವಿಷಯದಲ್ಲಿಯೇ ಅಂತಃಕರಣಕ್ಕೆ ಇಷ್ಟು ಮನ್ನಣೆಯಿರುವಾಗ ದೇವರ ವಿಷಯದಲ್ಲಿ ಎಷ್ಟಿರಬೇಡ!

ಇನ್ನು ಕಠಿಣವಾದ ಮಾತು. ಧಾರವಾಡದ ಮುರುಘಾಮಠದ ಪ್ರಸಾದನಿಲಯ, ತುಮಕೂರಿನ ಸಿದ್ಧಗಂಗೆ ಇವು ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತ ಪುಣ್ಯಸ್ಥಳಗಳು. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿಮತಗಳನ್ನೆಣಿಸದೆ ಮಕ್ಕಳನ್ನು ಸೇರಿಸಿಕೊಂಡುದನ್ನು ನಾಡೇ ಬಲ್ಲದು. ಮಠವೆಂದ ಮೇಲೆ ಅಲ್ಲಿ ಪ್ರಾರ್ಥನೆ ಇದ್ದೇ ಇರುವುದು, ಇರಲೂ ಬೇಕು. ಆದರೆ ಹಸಿದು ಬಂದ ಹುಡುಗನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಷ್ಟರ ಮಟ್ಟಿಗೆ ನಂಬಬಹುದು? ತಟ್ಟೆಯ ಮುಂದೆ ಕುಳಿತವನು ಬೇಡವೆಂದು ಹೇಳಲಾರ. ಆದುದರಿಂದ, ಅವನು ಬಾಯಿಬಿಟ್ಟು ಕೇಳುವ ಮೊದಲೇ ಅವನ ಮನಸ್ಸಿನ ಸ್ವಾತಂತ್ರ್ಯವನ್ನು ಕಾಯುವುದು ಉಣಬಡಿಸುವವನ ಧರ್ಮ. ಅನ್ನಕ್ಕೆ ಪ್ರತಿಯಾಗಿ ಪ್ರಾರ್ಥನೆಯನ್ನು ಕೇಳಿದರೆ ಅದು ದಾಸೋಹವಲ್ಲ, ವ್ಯಾಪಾರ. ದಾಸೋಹಕ್ಕೂ ದಾನಕ್ಕೂ ಇರುವ ಭೇದವೇ ಇದು: ದಾನಿಯಲ್ಲಿ ತಾನು ಕೊಟ್ಟೆನೆಂಬ ಭಾವ ಉಳಿಯಬಹುದು, ದಾಸೋಹಿಯಲ್ಲಿ ಅದು ಉಳಿಯಲಾಗದು.

ಹಾಗಾದರೆ ಶಾಲೆಯಿಂದ ಧರ್ಮವನ್ನು ಪೂರ್ತಿಯಾಗಿ ಹೊರಗಟ್ಟಬೇಕೆ? ಅದೂ ಸರಿಯಲ್ಲ. 1964ರಿಂದ 1966ರವರೆಗೆ ವಿಚಾರಣೆ ನಡೆಸಿದ ಕೊಠಾರಿ ಆಯೋಗವು ಒಂದು ಧರ್ಮದ ಆಚರಣೆಯನ್ನು ಕಲಿಸುವುದು ಬೇರೆ, ಧರ್ಮಗಳ ವಿಷಯವಾಗಿ ತಿಳಿವಳಿಕೆ ಕೊಡುವುದು ಬೇರೆ ಎಂದು ವಿಂಗಡಿಸಿತು. ಈ ವಿವೇಕ ನಮಗೂ ಬೇಕು. ಆಯ್ದಕ್ಕಿ ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಕಥೆಯನ್ನು ಎಲ್ಲ ಮಕ್ಕಳೂ ಕೇಳಲಿ. ಅದನ್ನು ಕೇಳಿ ದುರಾಶೆಗೆ ನಾಚುವುದಕ್ಕೆ ಲಿಂಗವಂತನೇ ಆಗಿರಬೇಕಾಗಿಲ್ಲ. ಆದರೆ ಆ ಕಥೆಯನ್ನು ಹೇಳಿದ ಬಳಿಕ ಮುಸಲ್ಮಾನರ ಹುಡುಗನ ಹಣೆಗೆ ವಿಭೂತಿ ಹಚ್ಚಿದರೆ, ಕಲಿಸಿದ ಪಾಠವನ್ನು ನಾವೇ ಅಳಿಸಿದಂತೆ. ನಮ್ಮ ಮಕ್ಕಳಿಗೂ ಯೇಸುವಿನ ಕರುಣೆ, ಪೈಗಂಬರರ ಸಮಾನತೆ, ಬುದ್ಧನ ಮೈತ್ರಿಗಳ ಕಥೆ ತಿಳಿದಿರಲಿ.

ಸರಕಾರದ ವಸತಿಶಾಲೆಗಳ ಬಾಗಿಲಲ್ಲಿ, ಕೈಮುಗಿದು ಬರುವಂತೆ ಹೇಳುತ್ತಿದ್ದ ಬರಹವು ಧೈರ್ಯದಿಂದ ಪ್ರಶ್ನಿಸುವಂತೆ ಹೇಳುವ ಬರಹವಾಗಿ ಬದಲಾದುದು 2024ರಲ್ಲಿ ದೊಡ್ಡ ವಿವಾದವಾಯಿತು. ಶರಣರನ್ನು ಬಲ್ಲವರಿಗೆ ಇವೆರಡೂ ವಿರೋಧವಾಗಿ ಕಾಣಬಾರದು. ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ನಿಷ್ಠುರವಾಗಿ ಪ್ರಶ್ನಿಸಿದರು. ಅಕ್ಕನು ಅಂಜದೆ ಉತ್ತರಿಸಿದಳು. ಬಳಿಕ ಪರಸ್ಪರ ಶರಣೆಂದರು. ಪ್ರಶ್ನೆಗೆ ಅಂಜುವ ಭಕ್ತಿ ಹೆಚ್ಚು ದಿನ ಬಾಳದು. ವಿನಯವಿಲ್ಲದ ಪ್ರಶ್ನೆ ಅರಿವನ್ನು ತಾರದು.

ಪ್ರಾರ್ಥನೆ ಶಾಲೆಯಲ್ಲಿ ಇಲ್ಲದಿದ್ದರೆ ಮಕ್ಕಳು ಕೆಡುವರೆಂದು ಚಿಂತಿಸುವ ಗೃಹಸ್ಥರು ಒಮ್ಮೆ ತಮ್ಮ ಮನೆಯ ಜಗುಲಿಯನ್ನು ನೋಡಿಕೊಳ್ಳಲಿ. ಅಲ್ಲಿ ನಿತ್ಯ ಪೂಜೆ ನಡೆಯುತ್ತಿದೆಯೆ? ತಂದೆ ತೂಕದಲ್ಲಿ ಮೋಸ ಮಾಡದೆ, ತಾಯಿ ಆಳುಕಾಳುಗಳನ್ನು ಹೀನವಾಗಿ ಕಾಣದೆ ಬದುಕುತ್ತಿರುವರೆ? ಮನೆಯಲ್ಲಿ ಬಿಟ್ಟುಬಿಟ್ಟುದನ್ನು ಮಾಸ್ತರರು ಹತ್ತು ನಿಮಿಷಗಳಲ್ಲಿ ತುಂಬಿಕೊಡಲೆಂದು ಬಯಸುವುದು ಧರ್ಮನಿಷ್ಠೆಯಲ್ಲ, ಸೋಮಾರಿತನ. ಶಾಲೆ ಕಾಯಕದ ಸ್ಥಳ. ಅಲ್ಲಿ ಕಲಿಯುವುದೂ ಕಲಿಸುವುದೂ ಪ್ರಾಮಾಣಿಕವಾಗಿ ನಡೆದರೆ ಅದೇ ಅಲ್ಲಿಯ ಪೂಜೆ. ದೇವರ ಮುಂದೆ ಕುಳಿತುಕೊಳ್ಳುವುದನ್ನು ಮಗು ತನ್ನ ಹೆತ್ತವರ ಮಗ್ಗುಲಲ್ಲಿ ಕುಳಿತು, ಅವರನ್ನು ನೋಡಿಯೇ ಕಲಿಯಲಿ.