ಶಕ್ತಿಯನ್ನರಿತ ತಪಸ್ಸು



ದೊಡ್ಡನೆಕ್ಕುಂದಿಯಲ್ಲಿ ನಾನಿರುವ ಬೀದಿಯ ಆಸುಪಾಸಿನಲ್ಲಿ ಕೆಲವು ದಿಗಂಬರ ಕುಟುಂಬಗಳಿವೆ. ಕಾರ್ಖಾನೆ ಕಂಪೆನಿಗಳ ದುಡಿಮೆ ಮುಗಿಸಿ ಬಂದವರೆಲ್ಲರೂ ದಶಲಕ್ಷಣ ಪರ್ವದ ಹತ್ತು ಸಂಜೆಗಳಲ್ಲಿಯೂ ಒಬ್ಬರ ಮನೆಯಲ್ಲಿ ಸೇರಿ ಸ್ವಾಧ್ಯಾಯ ಮಾಡುವುದು ರೂಢಿ. ಕೆಲವು ವರ್ಷಗಳ ಹಿಂದೆ ಏಳನೆಯ ದಿನ ಉತ್ತಮ ತಪವನ್ನು ಕುರಿತು ಮಾತನಾಡುವ ಸರದಿ ನನ್ನದಾಗಿತ್ತು.

ಪೂಜೆಗೆ ಮಂಡಲ ಬರೆಯುತ್ತಿದ್ದವನು ಚಿತ್ರಕಲೆ ಕಲಿತ ಒಬ್ಬ ತರುಣ. ಅವನು ಬರೆದ ಅಷ್ಟದಳ ಕಮಲವನ್ನು ತುಳಿಯದಂತೆ ಪುಟ್ಟ ಮಕ್ಕಳೂ ಸರಿದು ನಡೆಯುತ್ತಿದ್ದರು. ಆದರೆ ಪರ್ವದಲ್ಲಿ ಅವನು ಒಂದು ದಿನವೂ ಉಪವಾಸ ಮಾಡಲಿಲ್ಲವೆಂಬುದು ನನ್ನ ಕಣ್ಣಿಗೆ ಬಿದ್ದಿತ್ತು. ಬಹುಕಾಲ ಪಾಠ ಹೇಳಿದ ನಾಲಿಗೆ ಸುಮ್ಮನಿರಲಿಲ್ಲ. “ಕೈಯಲ್ಲಿ ಕಲೆಯಿದ್ದರೆ ಸಾಲದಪ್ಪ, ಜಿಹ್ವೆಯಲ್ಲಿ ಸಂಯಮವೂ ಬೇಕು” ಎಂದು ಎಲ್ಲರೆದುರಿಗೆ ನುಡಿದುಬಿಟ್ಟೆ. ಅವನು ಮುಗುಳ್ನಕ್ಕು, “ಹೌದು ಮೇಷ್ಟ್ರೇ” ಎಂದಷ್ಟೇ ಹೇಳಿ ಬಣ್ಣದ ಬಟ್ಟಲುಗಳನ್ನು ಎತ್ತಿಟ್ಟುಕೊಂಡನು.

ಆ ರಾತ್ರಿ ಅವನ ತಾಯಿ ನನ್ನನ್ನು ಕಂಡು ಮೆಲ್ಲನೆ ಹೇಳಿದರು: “ಗುರುಗಳೇ, ಬಾಲ್ಯದಿಂದಲೂ ಅವನಿಗೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಹೊತ್ತಿಗೆ ಉಣ್ಣದಿದ್ದರೆ ಪ್ರಜ್ಞೆ ತಪ್ಪುತ್ತಾನೆ. ಯಾರಿಗೂ ಹೇಳಬಾರದೆಂದಿದ್ದಾನೆ.” ಎಲ್ಲರೆದುರಿಗೆ ಆಡಿದ ಮಾತಿಗೆ ಎಲ್ಲರೆದುರಿಗೇ ಕ್ಷಮೆ ಬೇಡಬೇಕು, ಆದರೆ ಕಾರಣ ಹೇಳಿದರೆ ಅವನ ಗುಟ್ಟು ಬಯಲಾಗುತ್ತದೆ. ನನಗೆ ನಿದ್ರೆ ಬರಲಿಲ್ಲ.

ಆಗ ನೆನಪಾದವರು ಗಾಯಕ ಕುಮಾರ ಗಂಧರ್ವರು. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠರು ಬಾಲ್ಯದಲ್ಲಿಯೇ ಆ ಬಿರುದಿಗೆ ಪಾತ್ರರಾದರು. ಇಪ್ಪತ್ತೈದು ತುಂಬುವ ಮುನ್ನವೇ ಕ್ಷಯರೋಗ ಅವರನ್ನು ಹಿಡಿಯಿತು. ಒಣಹವೆಗಾಗಿ 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರು ವಿಧಿಸಿದರು. ಸುಮಾರು ಐದು ವರ್ಷ ಹಾಸಿಗೆಯೇ ಗತಿ. ಪತ್ನಿ ಭಾನುಮತಿಯವರು ಶುಶ್ರೂಷೆಗೆ ನಿಂತರು. 1943ರಲ್ಲಿ ಕಂಡುಹಿಡಿದಿದ್ದ ಸ್ಟ್ರೆಪ್ಟೊಮೈಸಿನ್ ಔಷಧಿ ಜೀವ ಉಳಿಸಿತು. ಮಲಗಿದಲ್ಲಿಯೇ ಅವರು ಮಾಳವದ ಜನಪದ ಗೀತೆಗಳಿಗೆ ಕಿವಿಗೊಟ್ಟರು. ಮುಂದೆ ಆ ಧಾಟಿಗಳಿಂದಲೇ ಹೊಸ ರಾಗಗಳು ಹುಟ್ಟಿದವು. 1953ರ ಸುಮಾರಿಗೆ ಅವರು ಮರಳಿ ಹಾಡಿದಾಗ ಒಂದು ಶ್ವಾಸಕೋಶ ಬಹುಮಟ್ಟಿಗೆ ಕೆಲಸಕ್ಕೆ ಬಾರದಂತಾಗಿತ್ತು. 1992ರಲ್ಲಿ ತೀರಿಕೊಳ್ಳುವವರೆಗೂ ಆ ಕುಂದಿನೊಡನೆಯೇ ಹಾಡಿದರು. ಎದುರಿಗೆ ಕುಳಿತವರಿಗೆ ಕೇಳಿಸಿದ್ದು ರಾಗ, ರೋಗವಲ್ಲ.

ಅವರು ಜೈನರಲ್ಲ, ಅವರ ಮೌನವು ವ್ರತವೂ ಅಲ್ಲ. ವ್ರತವೆಂದರೆ ತಾನಾಗಿ ಸ್ವೀಕರಿಸಿದ್ದು. ರೋಗವಾದರೋ ತಾನಾಗಿ ಬಂದೆರಗಿದ್ದು. ಗತ್ಯಂತರವಿಲ್ಲದೆ ನರಳುತ್ತ ಸಹಿಸಿದರೆ ಅದು ಅಕಾಮನಿರ್ಜರೆ ಮಾತ್ರ. ಅದೇ ನೋವನ್ನು ಯಾರನ್ನೂ ದೂರದೆ ಸಮಭಾವದಿಂದ ಸಹಿಸುವುದು ಪರೀಷಹಜಯದ ದಾರಿ. ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ 22 ಪರೀಷಹಗಳಲ್ಲಿ ಹಸಿವು ಮೊದಲನೆಯದು. ಆದರೆ ರೋಗವೂ ಅದೇ ಪಟ್ಟಿಯಲ್ಲಿದೆಯೆಂಬುದನ್ನು ನಾವು ಮರೆಯುತ್ತೇವೆ. ಹಸಿವನ್ನು ಒಂದು ದಿನ ಗೆದ್ದವನು ಮರುದಿನ ಪಾರಣೆ ಮಾಡುತ್ತಾನೆ. ರೋಗವನ್ನು ಹೊತ್ತವನಿಗೆ ಪಾರಣೆಯ ದಿನವೇ ಇಲ್ಲ.

ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶ ಭಾವನೆಗಳಲ್ಲಿ ಬರಿಯ ‘ತಪ’ ಎಂದಿಲ್ಲ, ‘ಶಕ್ತಿತಸ್ತಪ’ ಎಂದಿದೆ. ಶಕ್ತಿಯನ್ನು ಅಡಗಿಸಿಟ್ಟುಕೊಳ್ಳುವುದು ಎಷ್ಟು ತಪ್ಪೋ ಶಕ್ತಿ ಮೀರುವುದೂ ಅಷ್ಟೇ ತಪ್ಪು. ಸಮಂತಭದ್ರಾಚಾರ್ಯರಿಗೆ ಭಸ್ಮಕವ್ಯಾಧಿ ಬಂದಾಗ ಅವರು ಸಲ್ಲೇಖನ ಬೇಡಿದರೂ ಗುರುಗಳು ಒಪ್ಪದೆ, ಮುನಿವೇಷ ತೊರೆದಾದರೂ ವ್ಯಾಧಿಯನ್ನು ಕಳೆದುಕೊಂಡು ಬಾ ಎಂದರೆಂಬುದು ಪರಂಪರೆಯ ಮಾತು. ಅವರು ಹಾಗೆ ಉಂಡುದರಿಂದ ಧರ್ಮ ಕೆಡಲಿಲ್ಲ. ಗುಣವಾದ ಮೇಲೆ ಮತ್ತೆ ದೀಕ್ಷೆ ಪಡೆದರು. ಆ ಆಚಾರ್ಯರೇ ರತ್ನಕರಂಡಕದಲ್ಲಿ ನಿರ್ವಿಚಿಕಿತ್ಸಾ ಅಂಗಕ್ಕೆ ಉದ್ದಾಯನ ರಾಜನನ್ನು ಹೆಸರಿಸಿದ್ದಾರೆ. ರೋಗಿಯಾಗಿ ಬಂದ ಮುನಿಗೆ ಅಸಹ್ಯಪಡದೆ ಸೇವೆ ಸಲ್ಲಿಸಿದವನು ಅವನು.

ಆದುದರಿಂದ ಬಂಧುಗಳೇ, ಪರ್ವದಲ್ಲಿ “ನಿಮಗೆ ಎಷ್ಟು ಉಪವಾಸ?” ಎಂದು ಕೇಳುವ ಅಭ್ಯಾಸವನ್ನು ಬಿಡೋಣ. ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಪ್ರತ್ಯಾಖ್ಯಾನ ಮಾಡದಿರಲಿ. ಸ್ವೀಕರಿಸಿ ಮುರಿಯುವುದಕ್ಕಿಂತ ಅರಿತು ಸ್ವೀಕರಿಸುವುದು ಮೇಲು. ಅನಶನವು ಆರು ಬಾಹ್ಯ ತಪಗಳಲ್ಲಿ ಒಂದು ಮಾತ್ರ. ಅಂತರಂಗದ ತಪಗಳೂ ಆರಿವೆ. ಸ್ವಾಧ್ಯಾಯವೂ ವಿನಯವೂ ರೋಗಿಗೆ ಎಟುಕದವಲ್ಲ. ಆರೋಗ್ಯವಂತರಿಗೆ ವೈಯಾವೃತ್ಯವಿದೆ. ಹೊತ್ತಿಗೆ ಸರಿಯಾಗಿ ರೋಗಿಯ ಮುಂದೆ ತಟ್ಟೆ ಇಡುವ ತಾಯಿಯ ಕೈಯೂ ತಪಸ್ಸಿನ ಕೈಯೇ.

ಕ್ಷಮಾವಾಣಿಯ ದಿನ ನಾನು ಎದ್ದು ನಿಂತು, “ಏಳನೆಯ ದಿನ ನಾನು ಅರಿಯದೆ ಒಂದು ಮಾತಾಡಿದೆ. ತಪ್ಪು ನನ್ನದು, ಕ್ಷಮೆಯಿರಲಿ” ಎಂದು ಕೈಮುಗಿದೆ. ಕಾರಣ ಹೇಳಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಆ ತರುಣನೂ ಎದ್ದು ಕೈಮುಗಿದನು. ಇಂದು ಇದನ್ನು ಬರೆದಿರುವುದು ಅವನ ಒಪ್ಪಿಗೆ ಪಡೆದೇ. ಹೆಸರು ಮಾತ್ರ ಬೇಡವೆಂದನು.

ಜಯ ಜಿನೇಂದ್ರ.