ಬಂದಿಯ ದೂರು: ಒಂದು ಮೀಮಾಂಸೆ

ವಿಷಯ

ಥಾಣೆಯ ಹಳೆಯ ಕೋಟೆಯೊಳಗೆ ಒಂದು ಸೆಂಟ್ರಲ್ ಜೈಲು. ಕಲ್ಯಾಣದ ಆಧಾರವಾಡಿಯಲ್ಲಿ ಇನ್ನೊಂದು ಜೈಲು. ನವಿ ಮುಂಬಯಿಯಲ್ಲಿ ತಳೋಜಾ. ಇವುಗಳೊಳಗೆ, ಅಥವಾ ಇಲ್ಲಿಗೆ ಬರುವ ಮುನ್ನ ಲಾಕಪ್ಪಿನಲ್ಲಿ, ‘ನನ್ನನ್ನು ಹೊಡೆದರು’ ಎಂದು ಬಂದಿಯೊಬ್ಬ ಹೇಳಿದರೆ ಆ ಮಾತನ್ನು ಕೇಳಬೇಕಾದವರು ಹಲವರಿದ್ದಾರೆ: ರಿಮಾಂಡಿನ ಮ್ಯಾಜಿಸ್ಟ್ರೇಟರು, ಸರ್ಕಾರಿ ವೈದ್ಯರು, ಜೈಲಿನ ಸಂದರ್ಶಕ ಮಂಡಳಿ, ಮಾನವ ಹಕ್ಕುಗಳ ಆಯೋಗ. ಆಯೋಗದ ಕಾಯ್ದೆಗೆ ಆದ 2006ರ ತಿದ್ದುಪಡಿಯ ನಂತರ ಆಯೋಗದವರು ರಾಜ್ಯ ಸರ್ಕಾರಕ್ಕೆ ಮುಂಚಿತವಾಗಿ ತಿಳಿಸದೆಯೂ ಜೈಲಿನೊಳಗೆ ಹೋಗಬಹುದು.

ಸಂಶಯ

ಹೀಗೆ ಒಳಹೊಕ್ಕವರ ಕಿವಿಗೆ ಬಿದ್ದ ದೂರು ಏನಾಗಬೇಕು? ನಿಜವೋ ಸುಳ್ಳೋ ತಿಳಿಯುವ ತನಕ ಬದಿಗಿಡಬೇಕೆ, ಕೇಳಿದ ಕ್ಷಣವೇ ದಾಖಲಿಸಿ ಮುಂದಕ್ಕೆ ಒಯ್ಯಬೇಕೆ?

ಪೂರ್ವಪಕ್ಷ ಮತ್ತು ಉತ್ತರ

ಮೊದಲ ಆಕ್ಷೇಪ: ಬಂದಿಗಳು ಸುಳ್ಳು ಹೇಳುತ್ತಾರೆ; ಜಾಮೀನಿಗಾಗಿ ಪೊಲೀಸರ ಮೇಲೆ ಗೂಬೆ ಕೂರಿಸುತ್ತಾರೆ.

ಹೇಳುವವರೂ ಇದ್ದಾರು. ಆದರೆ ಸುಳ್ಳನ್ನು ಹಿಡಿಯುವುದಕ್ಕೂ ದಾಖಲೆಯೇ ಬೇಕು. ಬಾಸುಂಡೆ ಮೊದಲು ಕೆಂಪಗೆ ಏಳುತ್ತದೆ, ಆಮೇಲೆ ನೀಲಿಗಟ್ಟುತ್ತದೆ, ಹಸಿರಾಗಿ ಹಳದಿಯಾಗಿ ಎರಡು ವಾರದಲ್ಲಿ ಚರ್ಮದಲ್ಲೇ ಕರಗುತ್ತದೆ. ತಿಂಗಳ ನಂತರ ಬಂದ ತನಿಖಾಧಿಕಾರಿಗೆ ಅದು ಸಿಗುವುದಿಲ್ಲ. ಆಗ ಪೆಟ್ಟು ತಿಂದವನಿಗೆ ನ್ಯಾಯವಿಲ್ಲ, ಹೊಡೆಯದ ಪೊಲೀಸನಿಗೂ ಕಳಂಕ ತೊಳೆದುಕೊಳ್ಳುವ ದಾರಿಯಿಲ್ಲ.

ಎರಡನೆಯ ಆಕ್ಷೇಪ: ಜೈಲಿನ ಮೇಲೆ ಕಣ್ಣಿಡುವ ನಿಗಾ ಸಂಸ್ಥೆ ಕೋರ್ಟಲ್ಲ. ಒಂದೊಂದು ದೂರಿನ ಬೆನ್ನು ಹತ್ತಿದರೆ ಜೈಲಿನವರ ವಿಶ್ವಾಸ ಕಳೆದುಕೊಂಡು, ತೆರೆದ ಬಾಗಿಲೂ ಮುಚ್ಚೀತು.

ಇದರಲ್ಲಿ ಅರ್ಧ ಸತ್ಯವಿದೆ. ತೀರ್ಪು ಕೊಡುವುದು ಸಂದರ್ಶಕರ ಕೆಲಸವಲ್ಲ. ಆದರೆ 1982ರ ಮೇ ತಿಂಗಳಲ್ಲಿ ಪತ್ರಕರ್ತೆ ಶೀಲಾ ಬರ್ಸೆ ಮುಂಬಯಿ ಸೆಂಟ್ರಲ್ ಜೈಲಿನಲ್ಲಿ 15 ಮಹಿಳಾ ಬಂದಿಗಳನ್ನು ಮಾತಾಡಿಸಿದಾಗ ಐವರು, ಲಾಕಪ್ಪಿನಲ್ಲಿ ಪೊಲೀಸರು ಹೊಡೆದರೆಂದು ಹೇಳಿದರು. ಬರ್ಸೆಯವರ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯಾಗಿ ತೆಗೆದುಕೊಂಡಿತು. ಆರೋಪ ಸಾಬೀತಾಗಲೆಂದು ಅದು ಕಾಯಲಿಲ್ಲ. ಸಮಾಜಕಾರ್ಯ ಕಾಲೇಜಿನ ನಿರ್ದೇಶಕಿಯೊಬ್ಬರನ್ನು ಜೈಲಿಗೆ ಕಳಿಸಿತು. ಬೇರೆ ಯಾರ ಕಿವಿಗೂ ಬೀಳದಂತೆ ಮಾತಾಡಿಸಿ ಎಂದಿತು. 1983ರ ಫೆಬ್ರವರಿ 15ರ ತೀರ್ಪಿನಲ್ಲಿ, ಮುಂದೆ ನಿಂತ ಪ್ರತಿ ಬಂದಿಯನ್ನೂ ‘ಪೊಲೀಸರು ಹಿಂಸಿಸಿದರೇ?’ ಎಂದು ಮ್ಯಾಜಿಸ್ಟ್ರೇಟರು ಕೇಳಲೇಬೇಕೆಂದು ವಿಧಿಸಿತು. ಕೇಳಿದವರು ದಾಟಿಸಿದರು, ಅಧಿಕಾರವಿದ್ದವರು ನಿರ್ಣಯಿಸಿದರು. ಎರಡು ಕೆಲಸಗಳೂ ಬೇರೆಯಾಗಿಯೇ ಉಳಿದವು.

ಮೂರನೆಯ ಆಕ್ಷೇಪ: ದೂರು ದಾಖಲಾದ ರಾತ್ರಿಯೇ ಬಂದಿಗೆ ಮತ್ತೆ ಏಟು ಬೀಳುತ್ತದೆ. ಸಂದರ್ಶಕರು ಮನೆಗೆ ಹೋಗುತ್ತಾರೆ, ಅವನು ಅಲ್ಲೇ ಇರುತ್ತಾನೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವಿದು; ನನ್ನನ್ನೂ ಕಾಡಿದ್ದು. ಆದರೆ ಇದು ಮೌನವನ್ನು ಸಮರ್ಥಿಸುವುದಿಲ್ಲ, ಜಾಣ್ಮೆಯನ್ನು ಬೇಡುತ್ತದೆ. ಒಬ್ಬನನ್ನೇ ಕರೆಯದೆ ಬ್ಯಾರಕ್ಕಿನ ಹಲವರನ್ನು ಮಾತಾಡಿಸಿದರೆ ಹೇಳಿದವನು ಯಾರೆಂದು ಸಿಬ್ಬಂದಿಗೆ ತಿಳಿಯದು. ಹೆಸರು ಹೊರಗೆ ಒಯ್ಯುವ ಮುನ್ನ ಅವನ ಒಪ್ಪಿಗೆ ಬೇಕು. ವಾರದೊಳಗೆ, ಹೇಳದೆ ಕೇಳದೆ ಮರಳಿ ಬಂದು ಅದೇ ಮುಖವನ್ನು ನೋಡಬೇಕು. ಗುಟ್ಟು ಕಾಯುವುದು ಬಂದಿಯ ರಕ್ಷಣೆಗೆ, ಜೈಲಿನ ಮರ್ಯಾದೆಗಲ್ಲ.

ನಾಲ್ಕನೆಯ ಆಕ್ಷೇಪ: ನೀಚ ಕೃತ್ಯದ ಆರೋಪಿಗೆ ಈ ಕಾಳಜಿ ಏಕೆ?

ಬದ್ಲಾಪುರದ ಶಾಲೆಯ ಪುಟ್ಟ ಮಕ್ಕಳ ಮೇಲಿನ ದೌರ್ಜನ್ಯಕ್ಕೆ ನಮ್ಮೆಲ್ಲರ ಹೊಟ್ಟೆ ಉರಿದಿತ್ತು. ತಳೋಜಾ ಜೈಲಿನಿಂದ ಪೊಲೀಸ್ ವಾಹನದಲ್ಲಿ ಕರೆತರುತ್ತಿದ್ದ ಆ ಪ್ರಕರಣದ ಆರೋಪಿ 2024ರ ಸೆಪ್ಟೆಂಬರ್ 23ರಂದು ಮುಂಬ್ರಾ ಬೈಪಾಸ್ ಬಳಿ ಗುಂಡಿಗೆ ಬಲಿಯಾದ. ಆತ್ಮರಕ್ಷಣೆ ಎಂದರು ಪೊಲೀಸರು. ಮ್ಯಾಜಿಸ್ಟ್ರೇಟರ ವಿಚಾರಣಾ ವರದಿ ಐವರು ಪೊಲೀಸರನ್ನು ಹೊಣೆಯಾಗಿಸಿತು. ಪೊಲೀಸರು ಅದನ್ನು ಪ್ರಶ್ನಿಸಿದರು. 2025ರ ಏಪ್ರಿಲ್ 7ರಂದು ಬಾಂಬೆ ಹೈಕೋರ್ಟು ವಿಶೇಷ ತನಿಖೆಗೆ ಆದೇಶಿಸಿತು. ಕೊನೆಯ ಮಾತು ಕೋರ್ಟಿನದು. ಆದರೆ ಆರೋಪಿ ಸತ್ತ ದಿನವೇ ಆ ಮಕ್ಕಳಿಗೆ ಸಿಗಬೇಕಿದ್ದ, ಅವನ ಮೇಲಿನ ತೀರ್ಪೂ ಸತ್ತಿತು. ಕಸ್ಟಡಿಯ ಹಿಂಸೆ ಮೊದಲು ಕಸಿಯುವುದು ಸಂತ್ರಸ್ತರ ನ್ಯಾಯವನ್ನೇ.

ಸಿದ್ಧಾಂತ

ಆದ್ದರಿಂದ ದೂರು ಕಳೆದುಹೋಗದಂತೆ ಕಾಯುವುದೇ ನಿಗಾದವರ ಮೊದಲ ಧರ್ಮ. ಸತ್ಯಾಸತ್ಯದ ಪ್ರಶ್ನೆ ಆಮೇಲಿನದು. ಕಾಯುವುದೆಂದರೆ ಬಂದಿಯ ಮಾತಿನಲ್ಲೇ ಬರೆದುಕೊಳ್ಳುವುದು. ಡೊಂಬಿವಲಿಯ ಹೋಟೆಲಿನಲ್ಲಿ ದುಡಿಯುವ ನಮ್ಮ ಕನ್ನಡದ ಹುಡುಗನೊಬ್ಬ ಕಲ್ಯಾಣದ ಕೋರ್ಟಿನಲ್ಲಿ ನಿಂತನೆಂದುಕೊಳ್ಳಿ. ಮಗ್ಗುಲಲ್ಲೇ ಪೊಲೀಸು. ‘ಕಾಹೀ ತಕ್ರಾರ್ ಆಹೇ ಕಾ?’ (ಏನಾದರೂ ದೂರಿದೆಯೇ?) ಎಂಬ ಮರಾಠಿ ಪ್ರಶ್ನೆಗೆ ಅವನು ತಲೆ ಅಲ್ಲಾಡಿಸುತ್ತಾನೆ. ‘ತಕ್ರಾರಿಲ್ಲ’ ಎಂದು ದಾಖಲಾಗುತ್ತದೆ. ಧೈರ್ಯ ಮಾಡಿ ಹೇಳಿದರೂ ಕಾಗದದಲ್ಲಿ ‘ಮಾರಹಾಣ’ (ಹೊಡೆತ) ಎಂಬ ಒಂದೇ ಮರಾಠಿ ಪದ ಬೀಳುತ್ತದೆ. ಅವನು ಹೇಳಿದ್ದು ‘ಗುದ್ದಿದರು’ ಎಂದಾದರೆ ಅದು ಮುಷ್ಟಿ, ‘ಒದ್ದರು’ ಎಂದರೆ ಬೂಟು, ‘ಬಾರಿಸಿದರು’ ಎಂದರೆ ಬಹುಶಃ ಲಾಠಿ. ವೈದ್ಯರು ಮೈಮೇಲೆ ಎಲ್ಲಿ, ಏನು ಹುಡುಕಬೇಕೆಂಬುದು ಆ ಒಂದು ಕ್ರಿಯಾಪದದಲ್ಲಿದೆ.

ಪ್ರಯೋಜನ

ಭಾರತ 1997ರಲ್ಲಿ ಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಸಹಿ ಹಾಕಿತು, ಇನ್ನೂ ಅನುಮೋದಿಸಿಲ್ಲ. ಮಾನವ ಹಕ್ಕುಗಳ ಆಯೋಗಕ್ಕೆ ಶಿಫಾರಸು ಮಾಡುವ ಅಧಿಕಾರವಷ್ಟೇ ಇದೆ, ಅದೂ ಘಟನೆ ನಡೆದ ಒಂದು ವರ್ಷದೊಳಗಿನ ದೂರಿಗೆ. ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ನಿಮ್ಮವರು ಯಾರಾದರೂ ಬಂಧನಕ್ಕೊಳಗಾದರೆ ಅದೇ ದಿನ ವೈದ್ಯಕೀಯ ತಪಾಸಣೆ ಕೇಳಿ, ವರದಿಯ ಪ್ರತಿ ಪಡೆಯಿರಿ. ಕಸ್ಟಡಿಯಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತವಾಗಿ ಸಿಗುತ್ತಾರೆ. ಬಂಧಿತರು ಹೇಳಿದ್ದನ್ನು ಅವರ ಕನ್ನಡದಲ್ಲೇ, ದಿನ ಮತ್ತು ಹೊತ್ತು ಸಮೇತ ಬರೆದಿಡಿ.